ಪಾಪು ಬೊಗಳದಿರಬೇಕಾದರೆ

ಬಟ್ಟೆ ಒಗೆಯುವ ಮಷೀನು ಕೆಟ್ಟು ನಿಂತಾಗ ಜನ ಸಿಟ್ಟಿನಿಂದ ಒಂದು ನಂಬರಿಗೆ ಫೋನ್ ಮಾಡುತ್ತಾರಲ್ಲ, ಆ ನಂಬರಿನ ಇನ್ನೊಂದು ತುದಿಯಲ್ಲಿ ಕೂತಿರುವವಳು ಅವಳು. "ನಮಸ್ಕಾರ, ಇಪ್ಪತ್ತೇಳನೇ ಸಹಾಯಕಿ ಮಾತಾಡ್ತಿದ್ದೀನಿ. ನಿಮ್ಮ ಮಷೀನಿಗೆ ಏನಾಗಿದೆ ಹೇಳಿ" ಎಂದು ಹನ್ನೊಂದು ವರ್ಷ ಹೇಳಿ ಹೇಳಿ, ಕಂಪನಿಯಲ್ಲಿ ಅವಳಿಗೆ ಇಪ್ಪತ್ತೇಳು ಎಂಬ ಹೆಸರೇ ನಿಂತುಬಿಟ್ಟಿತ್ತು. ಜೊತೆಯವರು ಅವಳನ್ನು ಊಟಕ್ಕೆ ಕರೆಯುವಾಗಲೂ "ಬಾರೇ ಇಪ್ಪತ್ತೇಳು" ಎನ್ನುತ್ತಿದ್ದರು.

ಇಪ್ಪತ್ತೇಳರ ಕಿವಿಯ ಬಗ್ಗೆ ಕಂಪನಿಯಲ್ಲಿ ಒಂದು ಮರ್ಯಾದೆ ಇತ್ತು. "ಫೋನನ್ನ ಮಷೀನಿನ ಹತ್ರ ಹಿಡೀರಿ" ಎನ್ನುವಳು. ಕಣ್ಣು ಮುಚ್ಚಿ ಅರ್ಧ ನಿಮಿಷ ಕೇಳುವಳು. "ಸರ್, ಡ್ರಮ್ಮಿನೊಳಗೆ ಅಂಗಿ ಗುಂಡಿ ಸಿಕ್ಕಿಹಾಕಿಕೊಂಡಿದೆ. ಎರಡು ತೂತಿನ ಗುಂಡಿಯಲ್ಲ, ನಾಲ್ಕು ತೂತಿಂದು" ಎಂದು ಹೇಳಿದ್ದು ಒಮ್ಮೆ ನಿಜವೂ ಆಗಿತ್ತು. ಅವಳ ಪದ್ಧತಿ ಸರಳ: ಶಬ್ದ ಯಾವಾಗ ಶುರುವಾಯಿತು, ಅದಕ್ಕೆ ಮುಂಚೆ ಏನು ನಿಂತಿತು ಎಂದು ಕೇಳುವುದು. ಕೆಟ್ಟ ಮಷೀನಿನಲ್ಲಿ ಹೊಸ ಶಬ್ದ ಹುಟ್ಟುವುದಕ್ಕಿಂತ, ಇರಬೇಕಾದ ಒಂದು ಶಬ್ದ ಕಾಣೆಯಾಗಿರುವುದೇ ಹೆಚ್ಚು ಎಂಬುದು ಅವಳ ಅನುಭವ.

ಅವಳ ಮನೆಯಲ್ಲಿ ಮಷೀನು ಇರಲಿಲ್ಲ. "ಮಷೀನಿನಲ್ಲಿ ಕಾಲರಿನ ಕೊಳೆ ಹೋಗಲ್ಲ" ಎಂದು ಅತ್ತೆ ತೀರ್ಮಾನಿಸಿದ್ದರು. ಗಂಡನಿಗೂ ಅದು ಸರಿಯೆನಿಸಿತ್ತು. ಕಾಲರನ್ನು ಒಮ್ಮೆಯೂ ತಿಕ್ಕದವನಿಗೆ ಕಾಲರಿನ ಬಗ್ಗೆ ಖಚಿತ ಅಭಿಪ್ರಾಯವಿರುವುದು ಕಷ್ಟವೇನಲ್ಲ.

ಗಂಡ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುವವನು. ಯಾವಾಗಲೂ ಎರಡನೇ ಪಾಳಿ. ಮಧ್ಯಾಹ್ನ ಎರಡೂವರೆಗೆ ಹೊರಟರೆ ಸಾಕು. ಹಾಗಾಗಿ ಬೆಳಗಿನ ಹೊತ್ತೆಲ್ಲ ಮುಂದಿನ ಕೋಣೆಯಲ್ಲಿ ಪತ್ರಿಕೆ ಹರಡಿಕೊಂಡು, ಜಗತ್ತಿನ ತಪಾಸಣೆ ಮಾಡುತ್ತ ಕೂತಿರುತ್ತಿದ್ದ. ಅವನ ಎದುರಿಗೆ ಅತ್ತೆ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು. ಕಾಲು ನೋವಿದ್ದರೂ ಕಿವಿಯೂ ಬಾಯಿಯೂ ಚೆನ್ನಾಗಿದ್ದವು.

ಐದು ತಿಂಗಳ ಹಿಂದೆ ಕಂಪನಿ ಹತ್ತಿರದ ಆಫೀಸನ್ನು ಮುಚ್ಚಿ, ಸಹಾಯಕಿಯರ ಕೈಗೆ ಒಂದೊಂದು ಕಂಪ್ಯೂಟರು, ತಲೆಗೆ ಸಿಕ್ಕಿಸುವ ಒಂದೊಂದು ಫೋನು ಕೊಟ್ಟು ಮನೆಗೆ ಕಳಿಸಿತು. ಹತ್ತರಿಂದ ಎರಡರ ತನಕ ಮನೆಯಿಂದಲೇ ಕೆಲಸ. ಆದರೆ ಇದು ಆರು ತಿಂಗಳ ಪರೀಕ್ಷೆ. ಫೋನಿನಲ್ಲಿ ಮನೆಯ ಗಲಾಟೆ ಕೇಳಿಸಿದರೆ ಒಂದು ಕಪ್ಪು ಗುರುತು. ಮೂರು ಗುರುತು ಬಿದ್ದರೆ ಊರಿನ ಆಚೆ ತುದಿಯಲ್ಲಿರುವ ದೊಡ್ಡ ಆಫೀಸಿಗೆ ವಾಪಸ್ಸು. ಎರಡು ಬಸ್ಸು ಬದಲಿಸಬೇಕು, ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಆರಕ್ಕೆ ಮನೆ. ಅಷ್ಟು ಹೊತ್ತು ಅವಳು ಹೊರಗಿದ್ದರೆ ಈ ಮನೆ ನಡೆಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾಕೆ ನಡೆಯುವುದಿಲ್ಲ ಎಂದು ಮಾತ್ರ ಯಾರೂ ಕೇಳಿಕೊಂಡಿರಲಿಲ್ಲ.

"ಹಾಗಾದ್ರೆ ಬಿಟ್ಬಿಡು" ಎಂದ ಗಂಡ, ಉದಾರವಾಗಿ. "ನಾನೇನು ಬಲವಂತ ಮಾಡಿದ್ದೀನಾ?"

ಬಿಡುವುದು ಅವಳಿಗೆ ಸಾಧ್ಯವಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ಅವಳಿಗೇ ನಾಚಿಕೆ. ದಿನದ ಆ ನಾಲ್ಕು ಗಂಟೆ ಅವಳು ಹೇಳಿದಂತೆ ಜನ ಕೇಳುತ್ತಿದ್ದರು. "ಮುಚ್ಚಳ ತೆಗೀರಿ" ಎಂದರೆ ತೆಗೆಯುತ್ತಿದ್ದರು. "ಕೆಳಗೆ ಬಗ್ಗಿ ಪೈಪು ನೋಡಿ" ಎಂದರೆ, ಅಧಿಕಾರಿಗಳೂ ಕಂಟ್ರಾಕ್ಟರುಗಳೂ ಏದುಸಿರು ಬಿಡುತ್ತ ಬಗ್ಗುತ್ತಿದ್ದರು. ಉಳಿದ ಇಪ್ಪತ್ತು ಗಂಟೆಯಲ್ಲಿ "ಆ ಲೋಟ ಸ್ವಲ್ಪ ಒಳಗಿಡಿ" ಎಂದರೆ ಲೋಟ ಸಂಜೆಯ ತನಕ ಇದ್ದಲ್ಲೇ ಇರುತ್ತಿತ್ತು.

ಅವಳ ಆಫೀಸೆಂದರೆ ಅಡುಗೆಮನೆಗೆ ಅಂಟಿಕೊಂಡಿದ್ದ ಸಾಮಾನಿನ ಕೋಣೆ. ಧಾನ್ಯದ ಡಬ್ಬಿಗಳನ್ನು ಒಂದು ಕಡೆ ಒತ್ತರಿಸಿ, ಎರಡು ಟ್ರಂಕಿನ ಮೇಲೆ ಹಲಗೆ ಹಾಕಿಕೊಂಡಿದ್ದಳು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಗುಡಿಸಿ, ಒರೆಸಿ, ಒಗೆದು, ತಿಂಡಿ ಮಾಡಿ, ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿ, ಹತ್ತಕ್ಕೆ ಐದು ನಿಮಿಷವಿರುವಾಗ ಕೈ ಒರೆಸಿಕೊಂಡು ಆ ಹಲಗೆಯ ಮುಂದೆ ಕೂರುತ್ತಿದ್ದಳು. ಹತ್ತಕ್ಕೆ ಸರಿಯಾಗಿ ಮೊದಲನೇ ಫೋನು. ಹತ್ತು ಗಂಟೆ ಎರಡು ನಿಮಿಷಕ್ಕೆ ಪಕ್ಕದ ಮನೆಯ ನಾಯಿ.

ನಾಯಿಯ ಹೆಸರು ಪಾಪು. ಹೆಸರಿಟ್ಟವರು ಅದನ್ನು ಮರಿಯಾಗಿದ್ದಾಗ ನೋಡಿದವರು. ಈಗ ಅದು ಎದ್ದು ನಿಂತರೆ ಊಟದ ಮೇಜಿನೆತ್ತರ. ಬೊಗಳಿದರೆ ಖಾಲಿ ನೀರಿನ ಟ್ಯಾಂಕಿಗೆ ಯಾರೋ ದೊಣ್ಣೆಯಲ್ಲಿ ಬಡಿದ ಹಾಗೆ. ಎರಡು ಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಈಚೆ ಅಡುಗೆಮನೆಯ ತೊಟ್ಟಿ ಮತ್ತು ಸಾಮಾನಿನ ಕೋಣೆ, ಆಚೆ ಪಾಪುವಿನ ಚಾಪೆ.

"ಮೇಡಂ, ನೀವು ನಾಯಿ ಸಾಕಿದ್ದೀರಾ, ಇಲ್ಲ ನಾಯಿ ನಿಮ್ಮನ್ನ ಸಾಕಿದೆಯಾ?" ಎಂದು ಗಿರಾಕಿಯೊಬ್ಬ ಕೇಳಿದ ದಿನ ಮೊದಲನೇ ಗುರುತು ಬಿತ್ತು. ಸಹಾಯಕಿಯರ ಮಾತನ್ನು ಆಗಾಗ ಕದ್ದು ಕೇಳುವ ಮೇಲಧಿಕಾರಿಣಿಯೊಬ್ಬರಿದ್ದರು. ಎಲ್ಲರೂ ಅವರನ್ನು ಕಿವಿ ಮೇಡಂ ಎನ್ನುತ್ತಿದ್ದರು. "ಇಪ್ಪತ್ತೇಳು, ನಿಮ್ಮಂಥೋರಿಗೇ ಹೀಗಾದ್ರೆ ಹೇಗೆ?" ಎಂದು ಅವರು ಬೇಜಾರಿನಿಂದಲೇ ಗುರುತು ಹಾಕಿದರು.

ಅಂದು ಸಂಜೆ ಅವಳು ಪಕ್ಕದ ಮನೆಗೆ ಹೋದಳು. ಪಕ್ಕದವರು ಗಡಿಯಾರ ರಿಪೇರಿಯವರು. ಅರವತ್ತು ದಾಟಿದವರು, ಹೋದ ವರ್ಷ ಹೆಂಡತಿಯನ್ನು ಕಳೆದುಕೊಂಡವರು. ಹತ್ತಕ್ಕೆ ಅಂಗಡಿಗೆ ಹೋದರೆ ಎರಡಕ್ಕೆ ಬರುವರು.

"ಅಂಕಲ್, ಪಾಪು ಬೆಳಿಗ್ಗೆ ಪೂರ್ತಿ ಬೊಗಳ್ತಾನೆ."

"ನಮ್ಮ ಪಾಪುನಾ?" ಅವರು ಕಾಲಬುಡದಲ್ಲಿ ನಿದ್ದೆ ಹೊಡೆಯುತ್ತಿದ್ದ ನಾಯಿಯನ್ನು ತೋರಿಸಿದರು. "ನಾನು ಒಂದಿನಾನೂ ಕೇಳಿಲ್ಲಮ್ಮ."

"ನೀವು ಅಂಗಡಿಗೆ ಹೋಗ್ತೀರಲ್ಲ, ಆಮೇಲೆ."

"ನಾನು ಹೋಗೋ ತನಕ ಬೊಗಳಲ್ಲ. ಬಂದ ಮೇಲೂ ಬೊಗಳಲ್ಲ. ಮಧ್ಯದಲ್ಲಿ ಮಾತ್ರ ಯಾಕೆ ಬೊಗಳ್ತಾನೆ, ನೀನೇ ಹೇಳು" ಎಂದು ಅವರು ಕೇಸು ಗೆದ್ದವರಂತೆ ಕೂತರು. ಆಮೇಲೆ ಸ್ವಲ್ಪ ಮೆತ್ತಗಾಗಿ, "ಅವಳಿದ್ದಾಗ ಈ ಮನೇಲಿ ಒಂದು ಸದ್ದಿರಲಿಲ್ಲ, ಗೊತ್ತಾ? ಎಲ್ಲ ತಾನಾಗೇ ನಡ್ಕೊಂಡು ಹೋಗ್ತಿತ್ತು" ಎಂದರು.

ಅವಳಿಗೆ ನಗು ಬಂತು. ಆ ಮನೆಯಾಕೆಯೊಂದಿಗೆ ಅವಳು ಕೂತು ಮಾತಾಡಿದ್ದು ಕಡಿಮೆ. ಇಬ್ಬರಿಗೂ ಪುರುಸೊತ್ತೆಲ್ಲಿ? ಆದರೆ ಹನ್ನೊಂದು ವರ್ಷ ಗೋಡೆಯ ಮೂಲಕ ಆಕೆಯ ದಿನವನ್ನೆಲ್ಲ ಕೇಳಿದ್ದಳು. ಐದಕ್ಕೆ ಪೊರಕೆ, ಆರಕ್ಕೆ ಪಾತ್ರೆ, ಏಳಕ್ಕೆ ಬಟ್ಟೆ, ಮತ್ತೆ ಪಾತ್ರೆ, ಮತ್ತೆ ಪಾತ್ರೆ. ಎಲ್ಲ ತಾನಾಗೇ ನಡೆದುಕೊಂಡು ಹೋಗುವ ಸದ್ದು ಅದು.

ನಾಯಿಯ ಬಾಯಿ ಮುಚ್ಚಿಸಲು ಏನೆಲ್ಲ ಮಾಡಿದ್ದಾಯಿತು. ಗೋಡೆಗೆ ಹಳೆಯ ಹಾಸಿಗೆ ಆನಿಸಿದಳು. ಗಡಿಯಾರದವರ ಕಿಟಕಿಯೊಳಗೆ ಬಿಸ್ಕತ್ತು ಎಸೆದಳು. ಪಾಪು ಬಿಸ್ಕತ್ತು ತಿನ್ನುವಷ್ಟು ಹೊತ್ತು ಸುಮ್ಮನಿದ್ದು, ತಿಂದ ಬಲದಲ್ಲಿ ಇನ್ನೂ ಜೋರಾಗಿ ಬೊಗಳಿತು. ಒಂದು ದಿನ ಗಂಡ ಎದ್ದು ಬಂದು ಗೋಡೆಗೆ ಗುದ್ದಿ, "ಏಯ್! ಯಾರೋ ಅದು?" ಎಂದು ಟಿಕೆಟ್ಟಿಲ್ಲದವನನ್ನು ಹಿಡಿದ ದನಿಯಲ್ಲಿ ಗದರಿದ. ಆ ಗದರಿಕೆ ಗಿರಾಕಿಯ ಕಿವಿಗೂ ಬಿತ್ತು, ಕಿವಿ ಮೇಡಂ ಕಿವಿಗೂ ಬಿತ್ತು. ಎರಡನೇ ಗುರುತು ನಾಯಿಗಲ್ಲ, ಗಂಡನಿಗೆ ಬಂದದ್ದು.

"ನಿನಗೋಸ್ಕರ ಎದ್ದು ಬಂದೆ ನೋಡು, ನನಗೆ ಬುದ್ಧಿಯಿಲ್ಲ" ಎಂದು ಅವನು ಎರಡು ದಿನ ಮುಖ ಊದಿಸಿಕೊಂಡಿದ್ದ.

ಗುಟ್ಟು ಬಯಲಾದದ್ದು ಒಂದು ಸೋಮವಾರ. ಹನ್ನೊಂದು ಗಂಟೆಗೆ ಇಂಟರ್ನೆಟ್ಟು ಹೋಯಿತು. ಕೆಲಸವಿಲ್ಲದೆ ಕೂರುವುದು ಅವಳಿಗೆ ಬಾರದ ವಿದ್ಯೆ. ತೊಟ್ಟಿಯಲ್ಲಿದ್ದ ತಿಂಡಿಯ ಪಾತ್ರೆಗಳನ್ನು ತಿಕ್ಕತೊಡಗಿದಳು. ಮೂರನೇ ತಟ್ಟೆ ತಿಕ್ಕುವಾಗ ಏನೋ ಕಡಿಮೆಯಾದಂತೆ ಅನಿಸಿತು. ಕೈ ನಿಲ್ಲಿಸಿ ಕೇಳಿದಳು. ಪಾಪು ಬೊಗಳಿತು. ಮತ್ತೆ ತಿಕ್ಕಿದಳು. ಸುಮ್ಮನಾಯಿತು. ನಿಲ್ಲಿಸಿದಳು. ಬೊಗಳಿತು.

ಇಪ್ಪತ್ತೇಳು ಕಣ್ಣು ಮುಚ್ಚಿ ಅರ್ಧ ನಿಮಿಷ ನಿಂತಳು. ಶಬ್ದ ಯಾವಾಗ ಶುರುವಾಗುತ್ತದೆ? ಹತ್ತು ಗಂಟೆ ಎರಡು ನಿಮಿಷಕ್ಕೆ. ಅದಕ್ಕೆ ಮುಂಚೆ ಏನು ನಿಲ್ಲುತ್ತದೆ? ಅವಳು.

ಮರಿಯಾಗಿದ್ದಾಗಿನಿಂದ ಮನೆಗೆಲಸದ ಸದ್ದು ಕೇಳಿಕೊಂಡು ಮಲಗಿದ ನಾಯಿ. ಆ ಮನೆಯಲ್ಲಿ ಸದ್ದು ನಿಂತು ವರ್ಷವಾಯಿತು. ಗಡಿಯಾರದವರಿಗೆ ಊಟ ಡಬ್ಬಿಯಲ್ಲಿ ಬರುತ್ತದೆ. ಯಜಮಾನ ಹೊರಟ ಮೇಲೆ ಒಂಟಿಯಾಗುವ ಪಾಪುವಿಗೆ ಉಳಿದಿದ್ದು ಗೋಡೆಯಾಚೆಯ ಸದ್ದೊಂದೇ. ಅದೂ ನಿಂತರೆ, ಲೋಕದಲ್ಲಿ ಯಾವ ಹೆಂಗಸೂ ಉಳಿದಿಲ್ಲವೆಂದು ಅದಕ್ಕೆ ಗಾಬರಿ.

"ಅಯ್ಯೋ ನಿನ್ನ! ನಾನು ಒಂದು ಗಳಿಗೆ ಕೂತ್ರೆ ನಿನಗೂ ತಡೆಯಲ್ವೇನೋ?" ಎಂದು ಅವಳು ಗೋಡೆಗೆ ಹೇಳಿದಳು.

ಅಂದೂ ಮರುದಿನವೂ ಬಿಡುವಾದಾಗಲೆಲ್ಲ ಪರೀಕ್ಷೆ ನಡೆಸಿದಳು. ಪಾತ್ರೆ ತಿಕ್ಕಿದರೆ ಪಾಪು ಸಂಪೂರ್ಣ ಮೌನ. ಬಟ್ಟೆ ಕುಕ್ಕಿದರೂ ಹಾಗೇ. ಗುಡಿಸಿದರೆ ಸಣ್ಣಗೆ ಗೊಣಗಾಟ, ಆದರೆ ಸಹಿಸಬಹುದು. ಇಸ್ತ್ರಿ ಮಾಡಿದರೆ ಪ್ರಯೋಜನವಿಲ್ಲ. ಇಸ್ತ್ರಿಗೆ ಸದ್ದಿಲ್ಲವಾದ್ದರಿಂದ ನಾಯಿಯೂ ಅದನ್ನು ಕೆಲಸವೆಂದು ಒಪ್ಪಲಿಲ್ಲ.

ಬುಧವಾರ ನಸುಕಿನಲ್ಲಿ ಪಾತ್ರೆ ತೊಳೆಯುವಾಗ ಗಂಡನ ಹಳೆಯ ಮೊಬೈಲನ್ನು ನಲ್ಲಿಯ ಪಕ್ಕ ಇಟ್ಟು ನಲವತ್ತು ನಿಮಿಷ ಧ್ವನಿಮುದ್ರಣ ಮಾಡಿಕೊಂಡಳು. ಹತ್ತಕ್ಕೆ ಅದನ್ನು ಒಂದು ಸಣ್ಣ ಸ್ಪೀಕರಿಗೆ ಸಿಕ್ಕಿಸಿ ತೊಟ್ಟಿಯಲ್ಲಿ ಕೂರಿಸಿ, ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಹಾಡುವಂತೆ ಮಾಡಿ, ಸಾಮಾನಿನ ಕೋಣೆಯ ಬಾಗಿಲು ಹಾಕಿಕೊಂಡಳು. ಹತ್ತು ಗಂಟೆ ಎರಡು ನಿಮಿಷವಾಯಿತು. ಹತ್ತೂವರೆಯಾಯಿತು. ಹನ್ನೊಂದಾಯಿತು. ಪಾಪು ತುಟಿಪಿಟಕ್ಕೆನ್ನಲಿಲ್ಲ. ಎಷ್ಟೋ ದಿನಗಳ ಮೇಲೆ ಅವಳು ಒಂದು ಬೇರಿಂಗಿನ ಕೀರಲನ್ನು ಮೊದಲಿನಿಂದ ಕೊನೆತನಕ ನೆಮ್ಮದಿಯಾಗಿ ಕೇಳಿದಳು.

ಮುದ್ರಣ ನಾಯಿಗೆಂದು ಮಾಡಿದ್ದು. ಅದು ನಾಯಿಗಿಂತ ಹೆಚ್ಚು ಮನೆಯವರ ಮೇಲೆ ಕೆಲಸ ಮಾಡಿತು. ಅಡುಗೆಮನೆಯಿಂದ ತೆರಪಿಲ್ಲದೆ ಸದ್ದು ಬರುತ್ತಿದ್ದುದರಿಂದ ಮುಂದಿನ ಕೋಣೆಯಲ್ಲಿ ಪರಮ ಶಾಂತಿ. ಗಂಡ ಪತ್ರಿಕೆಯನ್ನು ಜಾಹೀರಾತು ಸಮೇತ ಓದಿದ. ಅತ್ತೆ ಕೂತಲ್ಲೇ ತೂಕಡಿಸಿದರು. ಮಧ್ಯೆ ಕಣ್ಣು ಬಿಟ್ಟು, "ಸಾಕು ಕಣೇ, ಎಷ್ಟು ತಿಕ್ತೀಯ, ತಳ ಸವೆದು ಹೋದೀತು" ಎಂದರು. ಸ್ಪೀಕರು ಉತ್ತರಿಸದೆ ತಿಕ್ಕುತ್ತಲೇ ಹೋಯಿತು. "ಮೊದಲಿನ ಹಾಗಲ್ಲ, ಈಗ ಮೈಬಗ್ಗಿಸಿ ಮಾಡ್ತಾಳೆ" ಎಂದು ಅತ್ತೆ ಮಗನಿಗೆ ಹೇಳಿದ್ದೂ ಅವಳ ಕಿವಿಗೆ ಬಿತ್ತು.

ಎರಡನೇ ದಿನ ಗುರುವಾರ. ಅಡುಗೆಗೆ ಬೆಳಿಗ್ಗೆ ಹೊತ್ತು ಸಾಲದೆ, ಎರಡು ಗಂಟೆಯ ಮೇಲೆ ಮಾಡಿದರಾಯಿತೆಂದು ಬಿಟ್ಟಿದ್ದಳು. ಎರಡಕ್ಕೆ ಕೋಣೆಯಿಂದ ಹೊರಬಂದರೆ ಗಂಡ ಖಾಲಿ ಒಲೆಯ ಮುಂದೆ ಕಕ್ಕಾಬಿಕ್ಕಿಯಾಗಿ ನಿಂತಿದ್ದ.

"ಅಡುಗೆ ಎಲ್ಲಿ?"

"ಇನ್ನು ಮೇಲೆ ಮಾಡ್ಬೇಕು."

"ಹತ್ತು ಗಂಟೆಯಿಂದ ಕೇಳ್ತಾ ಇದ್ದೀನಿ, ಟಣಟಣ ಟಣಟಣ ಅಂತ. ಇಷ್ಟು ಹೊತ್ತು ಮಾಡಿದ್ದೇನು ಹಾಗಾದ್ರೆ?"

"ನಾನು ಆಫೀಸಲ್ಲಿದ್ದೆ."

"ಮತ್ತೆ ಪಾತ್ರೆ ತೊಳೀತಿದ್ದೋರು ಯಾರು?"

ಅವಳು ತೊಟ್ಟಿಯತ್ತ ಕೈ ತೋರಿಸಿದಳು. ಸ್ಪೀಕರಿನಿಂದ ನೀರು ಧೋ ಎಂದು ಸುರಿಯುತ್ತಿತ್ತು. ನಲ್ಲಿ ಒಣಗಿತ್ತು. ಗಂಡ ತೊಟ್ಟಿಯನ್ನೂ ಸ್ಪೀಕರನ್ನೂ ಅವಳನ್ನೂ ನೋಡಿದ. ನಕಲಿ ಪಾಸು ತೋರಿಸಿ ನಿತ್ಯ ಓಡಾಡಿದ ಪ್ರಯಾಣಿಕನನ್ನು ಕಡೆಗೂ ಹಿಡಿದವನ ಮುಖ ಅವನದು.

"ಮನೆಯವರಿಗೇ ಮೋಸ!" ಎಂದ.

"ನಿಮಗಲ್ಲ ರೀ, ನಾಯಿಗೆ. ನೀವು ಅದರೊಳಗೆ ಬಂದು ಬಿದ್ರೆ ನಾನೇನು ಮಾಡ್ಲಿ?"

ನಾಯಿ ಮಾತ್ರ ಹೆಚ್ಚು ದಿನ ಮೋಸ ಹೋಗಲಿಲ್ಲ. ಮುದ್ರಣದಲ್ಲಿ ಒಂದು ಕಡೆ ಮುಚ್ಚಳ ಕೈಜಾರಿ ಬೀಳುತ್ತದೆ, ಅವಳು "ಹಾಳಾದ್ದು" ಎನ್ನುತ್ತಾಳೆ. ನಲವತ್ತು ನಿಮಿಷಕ್ಕೊಮ್ಮೆ ಅದೇ ಮುಚ್ಚಳ, ಅದೇ ಹಾಳಾದ್ದು. ಅತ್ತೆಗೂ ಗಂಡನಿಗೂ ಎರಡು ದಿನ ಹೊಳೆಯದಿದ್ದುದು ಪಾಪುವಿಗೆ ಮೂರನೇ ದಿನ ಹೊಳೆಯಿತು. ಶುಕ್ರವಾರ ಮುಚ್ಚಳ ಐದನೇ ಸಲ ಬಿದ್ದಾಗ ಅದು ಒಮ್ಮೆ ಬೊಗಳಿತು, ಪ್ರಶ್ನೆ ಕೇಳುವಂತೆ. ಆರನೇ ಸಲ ಬೀಳುವ ಮೊದಲೇ ಬೊಗಳಿತು, ಉತ್ತರ ಸಿಕ್ಕಿದಂತೆ. ಆಮೇಲೆ ನಿಲ್ಲಲೇ ಇಲ್ಲ. ಅದೃಷ್ಟಕ್ಕೆ ಆಗ ಎರಡಕ್ಕೆ ಮೂರೇ ನಿಮಿಷ ಬಾಕಿ, ಫೋನಿನಲ್ಲಿ ಯಾರೂ ಇರಲಿಲ್ಲ.

ಅಂದೇ ಕಿವಿ ಮೇಡಂ ಸಂದೇಶ ಬಂತು. ಸೋಮವಾರ ಹನ್ನೊಂದರಿಂದ ಹನ್ನೆರಡು, ಕಡೆಯ ಪರೀಕ್ಷೆ. ಆ ಒಂದು ಗಂಟೆ ಮೇಡಂ ಎಲ್ಲವನ್ನೂ ನೇರವಾಗಿ ಕೇಳುತ್ತಾರೆ. ಗೆದ್ದರೆ ಮನೆಯಿಂದಲೇ ಕೆಲಸ ಕಾಯಂ. ಗುರುತು ಬಿದ್ದರೆ ಎರಡು ಬಸ್ಸು, ಅಂದರೆ ರಾಜೀನಾಮೆ. ಕೆಳಗೆ ನಿಷಿದ್ಧ ಶಬ್ದಗಳ ಪಟ್ಟಿ: ನಾಯಿ, ಟೀವಿ, ಮಿಕ್ಸಿ, ಹಾರನ್, ಮಗುವಿನ ಅಳು, ಗಂಡಸಿನ ಕೂಗು. ಶಬ್ದ ಹಿಡಿಯುವುದಕ್ಕೆ ಕಂಪನಿ ಒಂದು ಯಂತ್ರವನ್ನೇ ಇಟ್ಟಿತ್ತು. ಪಾತ್ರೆ ತೊಳೆಯುವ ಸದ್ದು ಪಟ್ಟಿಯಲ್ಲಿ ಯಾಕಿಲ್ಲ ಎಂದು ಅವಳು ಫೋನ್ ಮಾಡಿಯೇ ಕೇಳಿದಳು.

"ಅದನ್ನ ಯಂತ್ರ ಶಬ್ದ ಅಂತ ಲೆಕ್ಕಕ್ಕೇ ತಗೊಳಲ್ಲ ಇಪ್ಪತ್ತೇಳು" ಎಂದರು ಕಿವಿ ಮೇಡಂ. "ನಿಶ್ಶಬ್ದ ಅಂತಲೇ ಬರ್ಕೊಳತ್ತೆ. ನಿಮ್ಮೆಲ್ಲರ ಮಾತು ನಾನು ಕೇಳೋದು ಎಲ್ಲಿಂದ ಅಂದ್ಕೊಂಡಿದ್ದೀರ? ನನ್ನ ಕೈ ಈಗಲೂ ಸೋಪಿನಲ್ಲೇ ಇದೆ."

ಭಾನುವಾರ ಊಟದ ಹೊತ್ತಿಗೆ ಅವಳು ವಿಷಯ ಎತ್ತಿದಳು.

"ರೀ, ನಾಳೆ ಹನ್ನೊಂದರಿಂದ ಹನ್ನೆರಡು ನೀವು ಪಾತ್ರೆ ತೊಳೀಬೇಕು."

ಗಂಡ ಅಮ್ಮನ ಮುಖ ನೋಡಿದ. ಅಮ್ಮ ಗೋಡೆ ನೋಡಿದರು.

"ನಾನಾ?"

"ನಾನು ಫೋನಲ್ಲಿರ್ತೀನಿ. ಅತ್ತೆಗೆ ನಿಲ್ಲೋಕಾಗಲ್ಲ. ಇನ್ನು ಉಳಿದೋರು ನೀವು, ಇಲ್ಲ ಪಾಪು."

"ಒಂದು ನಾಯಿಗೋಸ್ಕರ ನಾನು ಪಾತ್ರೆ ತಿಕ್ಕಬೇಕಾ?"

"ನನಗೋಸ್ಕರ ತಿಕ್ಕಿ ಅಂದ್ರೆ ತಿಕ್ತೀರಾ?"

ಅವನು ಕಲಸಿದ ಅನ್ನವನ್ನೇ ಮತ್ತೆ ಕಲಸಿದ. "ನಾಯಿಗೋಸ್ಕರ ಅಂತಲೇ ಇಟ್ಕೊಳೋಣ" ಎಂದ.

ಸೋಮವಾರ ಅವಳು ಬೇಕೆಂದೇ ಒಂದು ಪಾತ್ರೆಯನ್ನೂ ತೊಳೆಯಲಿಲ್ಲ. ಎರಡು ಹೊತ್ತಿನ ಎಂಜಲು, ಸೀದ ಹಾಲಿನ ಪಾತ್ರೆ, ಎಣ್ಣೆ ಬಾಣಲೆ, ಎಲ್ಲವೂ ತೊಟ್ಟಿಯಲ್ಲಿ ಗುಡ್ಡೆ. ಸಾಮಾನಿನ ಕೋಣೆಯ ಬಾಗಿಲನ್ನು ಅಂಗೈಯಗಲ ತೆರೆದಿಟ್ಟು ಕೂತಳು. ಅಲ್ಲಿಂದ ತೊಟ್ಟಿಯೂ ತೊಟ್ಟಿಯ ಮುಂದೆ ಗಂಡನ ಬೆನ್ನೂ ಕಾಣುತ್ತಿದ್ದವು.

ಪರೀಕ್ಷೆಯ ದಿನ ಫೋನು ಶುರುವಾಗುವುದೇ ಹನ್ನೊಂದಕ್ಕೆ. ಹನ್ನೊಂದು ಹೊಡೆಯಿತು. ಮೊದಲನೇ ಫೋನು ಗಂಡಸಿನದು. "ಹಲೋ, ಹೆಂಡತಿ ಅಕ್ಕನ ಮನೆಗೆ ಹೋಗಿದ್ದಾಳೆ ಮೇಡಂ. ಮಷೀನು ತಂದು ಎಂಟು ವರ್ಷ ಆಯ್ತು. ಇದನ್ನ ಶುರು ಮಾಡೋದು ಹೇಗೆ?"

"ಖಂಡಿತ ಹೇಳಿಕೊಡ್ತೀನಿ ಸರ್" ಎನ್ನುತ್ತ ಅವಳು ಬಾಗಿಲ ಸಂದಿಯಿಂದ ನೋಡಿದಳು. ಗಂಡ ಸ್ಟೂಲಿನ ಮೇಲೆ ಕೂತಿದ್ದ. ಎಡಗೈಯಲ್ಲಿ ಮಡಚಿದ ಪತ್ರಿಕೆ. ಬಲಗೈಯಲ್ಲಿ ಸೌಟು. ಪತ್ರಿಕೆಯಿಂದ ಕಣ್ಣೆತ್ತದೆ, ಸೌಟಿನಿಂದ ತಟ್ಟೆಗೆ ಟಣ್, ಟಣ್, ಟಣ್ ಎಂದು ಹೊಡೆಯುತ್ತಿದ್ದ.

ಗೋಡೆಯಾಚೆ ಕ್ಷಣಕಾಲ ಮೌನ. ಪಾಪು ತಲೆ ಓರೆ ಮಾಡಿ ಕೇಳುತ್ತಿರಬೇಕು. ಆಮೇಲೆ ಗುರ್ ಎಂದಿತು. ಬೊಗಳಲು ಗಂಟಲು ಸರಿಮಾಡಿಕೊಳ್ಳುವ ಗುರ್ ಅದು, ಅವಳಿಗೆ ಚೆನ್ನಾಗಿ ಪರಿಚಿತ. ಗಂಡನಿಗೆ ಹೇಳಬೇಕು. ಆದರೆ ಮೇಡಂ ಪ್ರತಿ ಉಸಿರನ್ನೂ ಕೇಳುತ್ತಿದ್ದಾರೆ, ಹೇಳುವುದು ಹೇಗೆ? ಬಾಯಿಗೆ ಬಂದದ್ದು ಹನ್ನೊಂದು ವರ್ಷದ ಅಭ್ಯಾಸ.

"ಸರ್" ಎಂದಳು ಸ್ಪಷ್ಟವಾಗಿ, ಸಂದಿಯ ಕಡೆ ಮುಖ ಮಾಡಿ. "ಮೊದಲು ಕೈಯಲ್ಲಿರೋದನ್ನ ಕೆಳಗಿಡಿ."

"ಇಟ್ಟೆ ಮೇಡಂ" ಎಂದ ಫೋನಿನವನು. ಅಡುಗೆಮನೆಯಲ್ಲಿ ಗಂಡ ಬೆಚ್ಚಿ ತಿರುಗಿದ. ಮದುವೆಯಾದಾಗಿನಿಂದ ಅವಳು ಅವನನ್ನು ಸರ್ ಎಂದಿರಲಿಲ್ಲ. ಪತ್ರಿಕೆ ಕೆಳಗಿಟ್ಟ.

"ಈಗ ನೀರು ಬಿಡಿ, ಸರ್. ಸೋಪು ಹಾಕಿ. ಅಳತೆ ನೋಡ್ಕೊಂಡು, ಪೂರ್ತಿ ಸುರೀಬೇಡಿ."

ಫೋನಿನಲ್ಲೂ ನೀರಿನ ಸದ್ದು, ಅಡುಗೆಮನೆಯಲ್ಲೂ ನೀರಿನ ಸದ್ದು.

"ಇನ್ನೊಂದು ವಿಷಯ ಸರ್. ಸುಮ್ನೆ ಶಬ್ದ ಬಂದ್ರೆ ಕೊಳೆ ಹೋಗ್ತಿದೆ ಅಂತ ಅರ್ಥ ಅಲ್ಲ. ಉಜ್ಜಬೇಕು. ಕೊಳೆ ಬಿಡ್ತಾ ಇರೋ ಸದ್ದೇ ಬೇರೆ."

"ಒಳ್ಳೇ ವಿಷಯ ಹೇಳಿದ್ರಿ ಮೇಡಂ" ಎಂದ ಫೋನಿನವನು, ತನ್ನ ಮಷೀನಿನ ಬಗ್ಗೆಯೇ ಎಂದುಕೊಂಡು. ಗಂಡ ಸೀದ ಹಾಲಿನ ಪಾತ್ರೆಯನ್ನು ತೊಡೆಯ ನಡುವೆ ಇರುಕಿಕೊಂಡು ತಿಕ್ಕಲು ಶುರು ಮಾಡಿದ. ಗರಗರ, ಗರಗರ. ಆಚೆ ಗುರ್ ನಿಂತಿತು. ದೊಡ್ಡ ದೇಹವೊಂದು ಚಾಪೆಯ ಮೇಲೆ ದೊಪ್ಪೆಂದು ಬಿದ್ದ ಸದ್ದು ಗೋಡೆಯ ಮೂಲಕ ಬಂತು.

ಮುಂದಿನ ಕೋಣೆಯಿಂದ ಕುಂಟುತ್ತ ಬಂದ ಅತ್ತೆ ಬಾಗಿಲಲ್ಲೇ ನಿಂತರು. "ಅಯ್ಯೋ, ನನ್ನ ಮಗನ ಕೈ!" ಎಂದು ಪಿಸುಗುಟ್ಟಿದರು. ಮಗ ಕೈ ನಿಲ್ಲಿಸಿ ಅಮ್ಮನತ್ತ ತಿರುಗಿದ. ಆಚೆ ಗುರ್ ಎಂದಿತು. ಗೋಡೆಗೆ ಗುದ್ದಿ ಬಂದ ಎರಡನೇ ಗುರುತಿನ ಕತೆ ಅತ್ತೆಗೂ ನೆನಪಿತ್ತು. "ತಿಕ್ಕೋ, ತಿಕ್ಕು! ಮಾತಾಡಿಸ್ಬೇಡ ನನ್ನ!" ಎಂದವರೇ, ಇನ್ನೊಂದು ಸ್ಟೂಲಿನ ಮೇಲೆ ಕೂತು, ತೊಳೆದ ಪಾತ್ರೆಗಳನ್ನು ಒಂದೊಂದಾಗಿ ಒರೆಸತೊಡಗಿದರು.

ಹನ್ನೊಂದೂ ಮೂವತ್ತೈದಕ್ಕೆ ಪಾತ್ರೆ ಮುಗಿದವು. ಗಂಡ ಸಂದಿಯಲ್ಲಿ ಮುಖ ಇಟ್ಟು, ಒದ್ದೆ ಕೈಯೆತ್ತಿ ಮುಗಿಯಿತೆಂದು ತೋರಿಸಿದ. ಬೆಟ್ಟ ಹತ್ತಿ ಇಳಿದವನ ಹೆಮ್ಮೆ. ಇನ್ನೂ ಇಪ್ಪತ್ತೈದು ನಿಮಿಷವಿತ್ತು. ಪಾಪು ಆಗಲೇ ಏಳುತ್ತಿತ್ತು. ಗಂಡ ಬುದ್ಧಿ ಓಡಿಸಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಟ್ಟಿಗೆ ಹಾಕಿ ತಿಕ್ಕಿದ. ಗುರ್ ಇನ್ನೂ ಜೋರಾಯಿತು. ಶುಭ್ರವಾದ ಪಾತ್ರೆಯನ್ನು ತಿಕ್ಕುವ ಸದ್ದು ಯಾವುದೆಂದು ಆ ನಾಯಿಗೆ ತಿಳಿಯದೇ?

ಫೋನಿನಲ್ಲಿ ಮೊದಲಿನವನೇ ಮತ್ತೆ ಬಂದಿದ್ದ. "ಮೇಡಂ, ಮೊದಲನೇದು ಮುಗೀತು. ಮುಂದೆ?"

"ಮುಗಿಯೋದು ಅಂತ ಇಲ್ಲ ಸರ್" ಎಂದಳು ಅವಳು ಇಬ್ಬರಿಗೂ. "ಬಕೆಟ್ಟಿನಲ್ಲಿ ನೆನೆಹಾಕಿರೋ ಬಟ್ಟೆ ತಗೊಳ್ಳಿ. ಬಿಳೀದು ಬೇರೆ, ಬಣ್ಣದ್ದು ಬೇರೆ ಮಾಡಿ. ಜೇಬು ನೋಡಿದ್ರಾ?"

"ನೆನೆಹಾಕಿಲ್ಲ ಮೇಡಂ" ಎಂದ ಫೋನಿನವನು.

"ಪರವಾಗಿಲ್ಲ ಸರ್, ಇನ್ಮೇಲೆ ಹಾಕ್ತಾ ಹೋಗಿ."

ಗಂಡ ಬಕೆಟ್ಟಿನಿಂದ ತನ್ನದೇ ಸಮವಸ್ತ್ರ ಎತ್ತಿ, ಜೇಬಿಗೆ ಕೈ ಹಾಕಿ, ಮೂರು ದಿನದಿಂದ ಡಿಪೋದಲ್ಲಿ ಎಲ್ಲರ ಮೇಲೂ ಸಂಶಯಪಟ್ಟು ಹುಡುಕುತ್ತಿದ್ದ ಸೀಟಿಯನ್ನು ಹೊರತೆಗೆದ. ಅದನ್ನು ನೋಡುತ್ತ ನಿಲ್ಲಲು ಹೊತ್ತಿರಲಿಲ್ಲ.

"ಕಾಲರಿಗೆ ಬೇರೆ ಸೋಪು ಹಾಕಿ ಉಜ್ಜಿ ಸರ್" ಎಂದಳು ಇಪ್ಪತ್ತೇಳು. "ಮಷೀನಿನಲ್ಲಿ ಅದು ಹೋಗಲ್ಲ ಅಂತ ಕೆಲವರು ಹೇಳ್ತಾರೆ. ಹೋಗತ್ತೆ. ಒಗೆದು ನೋಡಿದೋರಿಗೆ ಗೊತ್ತಾಗತ್ತೆ."

ಅತ್ತೆ ಒರೆಸುತ್ತಿದ್ದ ಲೋಟದೊಳಗೆ ಇಣುಕಿ ನೋಡಿದರು.

ಹನ್ನೆರಡು ಹೊಡೆಯುವಾಗ ಗಂಡನ ಅಂಗಿ ಎದೆಯ ತನಕ ಒದ್ದೆ. ಮೂರು ನಿಮಿಷದ ಮೇಲೆ ಪರದೆಯ ಮೇಲೆ ವರದಿ ಮೂಡಿತು. ಮಾತು: ಉತ್ತಮ. ಸಹನೆ: ಅತ್ಯುತ್ತಮ. ಹಿನ್ನೆಲೆ: ಸಂಪೂರ್ಣ ನಿಶ್ಶಬ್ದ. ಕಾಯಂ. ಅದರ ಕೆಳಗೆ ಕಿವಿ ಮೇಡಂ ಸ್ವಂತ ಮಾತೊಂದು: ಬಾಣಲೆ ತಿಕ್ಕಿದವರಿಗೆ ಹೇಳಿ, ಅಂಚು ಬಿಟ್ಟುಹೋಗಿದೆ.

ಈಗ ಆ ಮನೆಯಲ್ಲಿ ಹತ್ತಕ್ಕೆ ಸರಿಯಾಗಿ ಮೂರು ಜನರ ಕೆಲಸ ಶುರುವಾಗುತ್ತದೆ. ಒಬ್ಬಳು ಫೋನಿಗೆ, ಒಬ್ಬ ತೊಟ್ಟಿಗೆ, ಒಬ್ಬರು ತರಕಾರಿಗೆ. ತರಕಾರಿ ಹೆಚ್ಚುವ ಸದ್ದನ್ನೂ ಪಾಪು ಮಾನ್ಯ ಮಾಡಿದೆ. ಡಿಪೋದಲ್ಲಿ ಗಂಡ ಜೊತೆಯವರಿಗೆ ಹೇಳುತ್ತಾನಂತೆ: "ಪಕ್ಕದ ಮನೆ ನಾಯಿ, ಪಾಪ, ಒಂಟಿ. ನಾನೇ ಸ್ವಲ್ಪ ನೋಡ್ಕೋತೀನಿ." ಗಡಿಯಾರದವರಿಗೂ ಸುದ್ದಿ ಮುಟ್ಟಿ, ಅವರು ಬಂದು ಅವನ ಕೈ ಹಿಡಿದು, "ಪ್ರಾಣಿಗೋಸ್ಕರ ಇಷ್ಟು ಮಾಡೋ ಗಂಡಸರು ಎಲ್ಲಿದ್ದಾರಪ್ಪ" ಎಂದು ಕಣ್ಣು ಒದ್ದೆ ಮಾಡಿಕೊಂಡರು. ಅವನ ನಿಂತುಹೋಗಿದ್ದ ಕೈಗಡಿಯಾರವನ್ನು ಬಿಟ್ಟಿ ರಿಪೇರಿ ಮಾಡಿಕೊಟ್ಟರು. ಅವಳು ಟೀ ತಂದಿಟ್ಟು ಒಳಗೆ ಹೋಗುವಾಗ ಮಾತ್ರ ಒಂದು ಪ್ರಶ್ನೆ ಕೇಳಿದಳು.

"ಪಾಪುಗೆ ಈಗ ಎಷ್ಟು ವಯಸ್ಸು ಅಂಕಲ್?"

"ಹನ್ನೊಂದು ಮುಗೀತಮ್ಮ. ಮುದುಕ. ಇನ್ನೆಷ್ಟು ದಿನ ಇರ್ತಾನೋ."

ಅವಳು ಒಮ್ಮೆ ಗಂಡನನ್ನೂ ಒಮ್ಮೆ ಅಡುಗೆಮನೆಯ ತೊಟ್ಟಿಯನ್ನೂ ನೋಡಿದಳು. ಆ ರಾತ್ರಿ ಅವಳಿಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಮುಂದಿನ ಭಾನುವಾರ ರಜೆ. ಹತ್ತು ಗಂಟೆಗೆ ಗಡಿಯಾರದವರು ಎಂದಿನಂತೆ ಅಂಗಡಿಗೆ ಹೊರಟರು. ಭಾನುವಾರವೂ ಗಡಿಯಾರ ನಿಲ್ಲುತ್ತವಲ್ಲ. ಗಂಡ ಪತ್ರಿಕೆಯ ವಿಶೇಷ ಪುಟಗಳಲ್ಲಿ ಮುಳುಗಿದ್ದ. ಅವಳು ಸಾಮಾನಿನ ಕೋಣೆಗೆ ಹೋಗಿ, ಡಬ್ಬಿಗಳ ಹಿಂದಿನಿಂದ ಹಳೆಯ ಮೊಬೈಲು ತೆಗೆದು, ಪಾತ್ರೆಯ ಮುದ್ರಣವನ್ನು ಅಳಿಸಿದಳು. ಮುಚ್ಚಳ, ಹಾಳಾದ್ದು, ಎಲ್ಲ ಹೋಯಿತು. ಹತ್ತು ಗಂಟೆ ಎರಡು ನಿಮಿಷಕ್ಕೆ ಪಾಪು ಶುರು ಮಾಡಿತು.

"ಬಂದೆ, ಬಂದೆ, ಬಡ್ಕೋಬೇಡ" ಎಂದು ಗಂಡ ಪತ್ರಿಕೆ ಮಡಚಿ, ತೋಳು ಏರಿಸುತ್ತ ಅಡುಗೆಮನೆಗೆ ಬಂದ.

"ರೀ, ಒಂದು ಐದು ನಿಮಿಷ ಸುಮ್ನಿರಿ" ಎಂದಳು ಅವಳು, ಧ್ವನಿಮುದ್ರಣ ಶುರುಮಾಡಿದ ಮೊಬೈಲನ್ನು ಗೋಡೆಗೆ ಒತ್ತಿ ಹಿಡಿದು. "ಚೆನ್ನಾಗಿ ಬೊಗಳ್ಲಿ."